ಹಾಡಿನ ಪುಸ್ತಕದಲ್ಲಿ ನೊಟೇಶನ್ನೇ ಇಲ್ಲ, ಮತ್ತೆ ಹಾಡುತ್ತಿದ್ದದ್ದು ಹೇಗೆ?

ಪ್ರಶ್ನೆ: ನಾವು ಮ್ಯಾಸಚೂಸೆಟ್ಸ್‌ನಲ್ಲಿದ್ದೇವೆ. ಎಂಟನೇ ಕ್ಲಾಸಿನ ಮಗಳಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಹಾಡುಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮ್ಯೂಸಿಯಂ ಒಂದರಲ್ಲಿ 1800ರ ಸುಮಾರಿನ ಪುಟ್ಟ ಹಾಡಿನ ಪುಸ್ತಕ ನೋಡಿದೆವು. ಒಂದು ಹಾಡಿಗೂ ನೊಟೇಶನ್ ಇರಲಿಲ್ಲ, ಬರೀ ಪದಗಳು. ಜನ ಅವನ್ನು ಹೇಗೆ ಹಾಡುತ್ತಿದ್ದರು? ಇಂಥದ್ದನ್ನು ಯಾರು ಕೊಳ್ಳುತ್ತಿದ್ದರು? ಇನ್ನೊಂದು ವಿಷಯ: ಅಮೆರಿಕದ ರಾಷ್ಟ್ರಗೀತೆಗೆ ಕುಡುಕರ ಹಾಡಿನ ಧಾಟಿ ಹಾಕಿದ್ದಾರೆ ಅಂತ ಮಗಳು ಎಲ್ಲೋ ಓದಿದ್ದಾಳೆ. ನಿಜವಾ?

ಉತ್ತರ:

ಆ ಪುಸ್ತಕವನ್ನು ಇನ್ನೊಮ್ಮೆ ನೋಡಲು ಸಿಕ್ಕರೆ ಹಾಡಿನ ಹೆಸರಿನ ಕೆಳಗೆ ಕಣ್ಣು ಹಾಯಿಸಿ. ಎಷ್ಟೋ ಹಾಡುಗಳಿಗೆ ಅಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಇಂಥ ಹಾಡಿನ ಧಾಟಿ. ಅಷ್ಟೇ. ಆ ಕಾಲದ ಜನಕ್ಕೆ ನೊಟೇಶನ್ ಅಂದರೆ ಆ ಒಂದು ಸಾಲು. ಧಾಟಿ ಅವರ ಬಾಯಲ್ಲಿ ಆಗಲೇ ಇತ್ತು. ಕಾಗದದ ಮೇಲೆ ಬರಬೇಕಾಗಿದ್ದದ್ದು ಹೊಸ ಮಾತು ಮಾತ್ರ. ಆ ಸಾಲೂ ಇಲ್ಲದಿದ್ದರೆ, ಹಾಡು ಎಲ್ಲರಿಗೂ ಗೊತ್ತಿದೆ, ಹೇಳುವ ಅಗತ್ಯವೇ ಇಲ್ಲ ಅಂತ ಅಚ್ಚಿನವನು ಅಂದುಕೊಂಡಿದ್ದಾನೆ ಎಂದರ್ಥ.

ನಾನು ಇಂಥ ಹಾಳೆ, ಪುಸ್ತಕಗಳನ್ನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಮೊದಮೊದಲು ಆ ಸಾಲನ್ನು ಬಿಟ್ಟು ನೇರವಾಗಿ ಪದ್ಯಕ್ಕೆ ಹೋಗುತ್ತಿದ್ದೆ. ಈಗ ಮೊದಲು ಓದುವುದೇ ಅದನ್ನು. ಪದ್ಯ ಬಾಯಿ ಬಿಟ್ಟು ಹೇಳದ ಎಷ್ಟೋ ಸಂಗತಿ ಧಾಟಿಯ ಆಯ್ಕೆಯಲ್ಲಿ ಇರುತ್ತದೆ. ಮಗಳ ಪ್ರಾಜೆಕ್ಟ್‌ಗೂ ಇದೇ ಒಳ್ಳೆಯ ದಾರಿ ಅಂತ ನನಗೆ ಅನಿಸುತ್ತದೆ.

ನೀವು ನೋಡಿದ ಪುಸ್ತಕಕ್ಕೆ ಆಗ ಸಾಂಗ್‌ಸ್ಟರ್ ಎನ್ನುತ್ತಿದ್ದರು. ಗೇಣಿಗಿಂತ ಚಿಕ್ಕದು, ಕೋಟಿನ ಜೇಬಿಗೆ ಹಿಡಿಸುತ್ತದೆ. 1820ರವರೆಗೆ ಅಮೆರಿಕದಲ್ಲಿ ಇಂಥ 600ಕ್ಕೂ ಹೆಚ್ಚು ಪುಸ್ತಕಗಳು ಅಚ್ಚಾದವು. ನೊಟೇಶನ್ ಯಾಕೆ ಹಾಕಲಿಲ್ಲ ಅಂದರೆ, ಮೊದಲ ಕಾರಣ ಖರ್ಚು. ಸ್ವರ ಅಚ್ಚು ಹಾಕಲು ಎರಡೇ ದಾರಿ ಇತ್ತು. ತಗಡಿನ ಮೇಲೆ ಒಂದೊಂದೇ ಸ್ವರ ಕೊರೆಯಬೇಕು, ಇಲ್ಲವೇ ಸ್ವರದ ಅಚ್ಚುಮೊಳೆಗಳನ್ನೇ ಇಂಗ್ಲೆಂಡಿನಿಂದ ತರಿಸಬೇಕು. ನಿಮ್ಮ ರಾಜ್ಯದವರೇ ಆದ ವೂಸ್ಟರ್‌ನ ಐಸಾಯ ಥಾಮಸ್ ಹಾಗೆ ಮೊಳೆ ತರಿಸಿಕೊಂಡು 1786ರಲ್ಲಿ ಚರ್ಚ್ ಸಂಗೀತದ ಒಂದು ಸಂಗ್ರಹ ಅಚ್ಚು ಹಾಕಿದರು. ಅದು ದೊಡ್ಡ ಅಚ್ಚುಕೂಟದವರ ಕೆಲಸ. ಸಣ್ಣ ಅಂಗಡಿಯವನ ಹತ್ತಿರ ಇದ್ದದ್ದು ಬರೀ ಅಕ್ಷರದ ಮೊಳೆ. ಇನ್ನೊಂದು ಕಾರಣ ಸರಳ: ಕೊಳ್ಳುವವರಲ್ಲಿ ಜಾಸ್ತಿ ಜನಕ್ಕೆ ಸ್ವರ ಓದಲು ಬರುತ್ತಿರಲಿಲ್ಲ. 1798ರಲ್ಲಿ ನಾರ್ತಾಂಪ್ಟನ್‌ನಲ್ಲಿ ಅಚ್ಚಾದ ಅಮೆರಿಕನ್ ಮ್ಯೂಸಿಕಲ್ ಮಿಸಲೇನಿಯಂಥ ಕೆಲವು ಪುಸ್ತಕಗಳಲ್ಲಿ ನೊಟೇಶನ್ ಇದೆ. ಅಂಥವು ಕಡಿಮೆ.

ಈ ಪದ್ಧತಿ ಅಮೆರಿಕದಲ್ಲಿ ಅಚ್ಚಿನ ಕೆಲಸ ಶುರುವಾದಾಗಿನಿಂದಲೂ ಇದೆ. ಬ್ರಿಟಿಷರ ಉತ್ತರ ಅಮೆರಿಕದಲ್ಲಿ ಅಚ್ಚಾದ ಮೊದಲ ಪುಸ್ತಕವೇ ಒಂದು ಹಾಡಿನ ಪುಸ್ತಕ. 1640ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಚ್ಚಾದ ಬೇ ಸಾಮ್ ಬುಕ್. ಬೈಬಲ್ಲಿನ ಕೀರ್ತನೆಗಳನ್ನು ಹಾಡಲು ಬರುವಂತೆ ಇಂಗ್ಲಿಷ್ ಪದ್ಯ ಮಾಡಿದ್ದಾರೆ. 1,700 ಪ್ರತಿ ಹಾಕಿದ್ದರು, ಉಳಿದಿರುವುದು 11. ಅದರಲ್ಲಿ ಒಂದು 2013ರಲ್ಲಿ ಹರಾಜಿನಲ್ಲಿ ಸುಮಾರು 1 ಕೋಟಿ 42 ಲಕ್ಷ ಡಾಲರ್‌ಗೆ ಹೋಯಿತು. ಆ ಮೊದಲ ಮುದ್ರಣದಲ್ಲಿ ಒಂದೇ ಒಂದು ಸ್ವರ ಇಲ್ಲ. ಸ್ವರ ಬಂದದ್ದು 1698ರ ಒಂಬತ್ತನೇ ಮುದ್ರಣಕ್ಕೆ, ಅದೂ 13 ಧಾಟಿಗಳು ಮಾತ್ರ.

ಮೊದಲ ಮುದ್ರಣದ ಕೊನೆಯಲ್ಲಿ ಓದುಗರಿಗೆ ಒಂದು ಸೂಚನೆ ಇದೆ. ಇಲ್ಲಿರುವ ಪದ್ಯಗಳು ಒಟ್ಟು ಆರು ಬಗೆ, ಮೊದಲನೆಯ ಬಗೆಯವನ್ನು ಸುಮಾರು ನಲವತ್ತು ಧಾಟಿಗಳಲ್ಲಿ ಹಾಡಬಹುದು, ಧಾಟಿ ಬೇಕಾದರೆ ಇಂಗ್ಲೆಂಡಿನ ರೇವನ್ಸ್‌ಕ್ರಾಫ್ಟ್ ಅವರ ಸಂಗ್ರಹ ನೋಡಿ ಅಂತ. ಹೇಗೆ ಸಾಧ್ಯ ಅಂದರೆ, ಪದ್ಯದ ಅಳತೆ ಒಂದೇ. ಮೊದಲ ಸಾಲಿಗೆ 8 ಸಿಲಬಲ್, ಎರಡನೆಯದಕ್ಕೆ 6, ಮತ್ತೆ 8, ಮತ್ತೆ 6. ಈ ಅಳತೆಗೆ ಕಾಮನ್ ಮೀಟರ್ ಅಂತ ಹೆಸರು. ಈ ಅಳತೆಯ ಯಾವ ಪದ್ಯವನ್ನಾದರೂ ಈ ಅಳತೆಯ ಯಾವ ಧಾಟಿಗಾದರೂ ಕೂರಿಸಬಹುದು. ಮಗಳಿಗೆ ಅಮೇಜಿಂಗ್ ಗ್ರೇಸ್ ಗೊತ್ತಿರುತ್ತದೆ, ಅಲ್ವಾ? ಬೆರಳು ಮಡಚಿ ಸಿಲಬಲ್ ಎಣಿಸಲು ಹೇಳಿ. 8, 6, 8, 6. ಆ ಪದ್ಯವನ್ನು ಬರೆದವರು ಇಂಗ್ಲೆಂಡಿನ ಜಾನ್ ನ್ಯೂಟನ್, ಅಚ್ಚಾದದ್ದು 1779ರಲ್ಲಿ. ಇಂದು ನಾವು ಹಾಡುವ ಧಾಟಿ ಅದಕ್ಕೆ ಅಚ್ಚಿನಲ್ಲಿ ಜೋಡಿಯಾದದ್ದು 1835ರಲ್ಲಿ, ವಿಲಿಯಂ ವಾಕರ್ ಅವರ ಸದರ್ನ್ ಹಾರ್ಮನಿ ಪುಸ್ತಕದಲ್ಲಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಪದ್ಯ ಬೇರೆ ಧಾಟಿಗಳ ಮೇಲೆ ಓಡಾಡಿಕೊಂಡಿತ್ತು.

ಚರ್ಚಿನಲ್ಲಿ ಪುಸ್ತಕವೂ ಎಲ್ಲರ ಕೈಯಲ್ಲಿ ಇರಲಿಲ್ಲ. ಹಿರಿಯರೊಬ್ಬರು ಒಂದು ಸಾಲು ಹೇಳುತ್ತಿದ್ದರು, ಸಭೆ ಅದನ್ನು ಹಾಡುತ್ತಿತ್ತು. ಮತ್ತೆ ಇನ್ನೊಂದು ಸಾಲು. ವರ್ಷಗಳು ಕಳೆದಂತೆ ಹಾಡು ನಿಧಾನವಾಯಿತು. ಒಬ್ಬೊಬ್ಬರೂ ತಮಗೆ ತೋಚಿದಂತೆ ಎಳೆದು, ತಿರುಗಿಸಿ ಹಾಡತೊಡಗಿದರು. ಥಾಮಸ್ ವಾಲ್ಟರ್ ಎಂಬ ಪಾದ್ರಿ 1721ರಲ್ಲಿ ಬೇಸರದಿಂದ ಬರೆದರು: ಐನೂರು ಬೇರೆ ಬೇರೆ ಧಾಟಿಗಳನ್ನು ಒಟ್ಟಿಗೆ ಕಿರುಚಿದ ಹಾಗೆ ಕೇಳುತ್ತದೆ ಅಂತ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಸಭೆಯಲ್ಲಿ ಒಮ್ಮೆ ಕೂರಬೇಕಿತ್ತು ಅಂತ ನನಗೆ ಆಸೆ. ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ ಹಾಡುತ್ತಿದ್ದ ಸಭೆ ಅದು. ಈ ಜಗಳದಿಂದಲೇ ಹಾಡಿನ ಶಾಲೆಗಳು ಹುಟ್ಟಿದವು. ಊರೂರು ತಿರುಗುವ ಮೇಷ್ಟ್ರು ಬಂದು, ಸಂಜೆ ಹೊತ್ತು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಕೆಲವು ವಾರಗಳಲ್ಲಿ ಸ್ವರ ಓದಲು ಕಲಿಸಿ ಹೋಗುತ್ತಿದ್ದರು.

ಈಗ ಮಗಳ ವಿಷಯಕ್ಕೆ ಬರುತ್ತೇನೆ. ಸ್ವಾತಂತ್ರ್ಯ ಯುದ್ಧದ ಹಾಡುಗಳಲ್ಲಿ ಒಂದನ್ನೇ ಆರಿಸಿಕೊಳ್ಳುವುದಾದರೆ ಲಿಬರ್ಟಿ ಸಾಂಗ್ ಆರಿಸಿಕೊಳ್ಳಲಿ. ಅದರ ಕಥೆ ಚೆನ್ನಾಗಿದೆ.

1768ರ ಜೂನ್. ಬ್ರಿಟಿಷ್ ಪಾರ್ಲಿಮೆಂಟ್ ಹಾಕಿದ ತೆರಿಗೆಗಳ ವಿರುದ್ಧ ಮ್ಯಾಸಚೂಸೆಟ್ಸ್ ಶಾಸನಸಭೆ ಉಳಿದ ವಸಾಹತುಗಳಿಗೆ ಒಂದು ಪತ್ರ ಕಳಿಸಿತ್ತು. ಅದನ್ನು ವಾಪಸ್ ತಗೊಳ್ಳಿ ಅಂತ ಲಂಡನ್ನಿನಿಂದ ಆಜ್ಞೆ ಬಂತು. ಸಭೆ 92ಕ್ಕೆ 17 ಮತಗಳಿಂದ ಆಗಲ್ಲ ಅಂತು. ಇದೇ ದಿನಗಳಲ್ಲಿ ಜಾನ್ ಡಿಕಿನ್ಸನ್ ಎಂಬ ವಕೀಲರು ಒಂದು ಹಾಡು ಬರೆದು ಬಾಸ್ಟನ್ನಿನ ಜೇಮ್ಸ್ ಓಟಿಸ್ ಅವರಿಗೆ ಕಳಿಸಿದರು. ಜುಲೈನಲ್ಲಿ ಅದು ಪತ್ರಿಕೆಗಳಲ್ಲಿ ಬಂತು. ಒಗ್ಗಟ್ಟಾದರೆ ನಿಲ್ಲುತ್ತೇವೆ, ಒಡೆದರೆ ಬೀಳುತ್ತೇವೆ ಎಂಬ ಮಾತು ಆ ಹಾಡಿನಲ್ಲಿದೆ.

ಧಾಟಿ ಯಾವುದು ಗೊತ್ತಾ? ಹಾರ್ಟ್ ಆಫ್ ಓಕ್. ಬ್ರಿಟಿಷ್ ನೌಕಾಪಡೆಯ ಹೆಮ್ಮೆಯ ಹಾಡು. 1759ರಲ್ಲಿ ಬ್ರಿಟನ್ನಿಗೆ ಸಾಲು ಸಾಲಾಗಿ ಗೆಲುವು ಸಿಕ್ಕಾಗ ಲಂಡನ್ನಿನ ನಾಟಕವೊಂದಕ್ಕೆ ಡೇವಿಡ್ ಗ್ಯಾರಿಕ್ ಬರೆದು, ವಿಲಿಯಂ ಬಾಯ್ಸ್ ಸಂಗೀತ ಕೊಟ್ಟದ್ದು. ಇಂದಿನ ಓದುಗರಿಗೆ ಇದು ವಿಚಿತ್ರ ಅನಿಸುತ್ತದೆ. ಬ್ರಿಟಿಷರ ವಿರುದ್ಧ ಹಾಡಲು ಬ್ರಿಟಿಷರದೇ ಧಾಟಿ ಯಾಕೆ? ಕೊನೆಯ ನುಡಿ ಓದಿದರೆ ಉತ್ತರ ಸಿಗುತ್ತದೆ. ಅಲ್ಲಿ ಡಿಕಿನ್ಸನ್ ಲೋಟ ಎತ್ತಿ ದೊರೆಯ ಆರೋಗ್ಯಕ್ಕೆ, ಬ್ರಿಟನ್ನಿನ ಕೀರ್ತಿಗೆ ಶುಭ ಕೋರುತ್ತಾರೆ. 1768ರಲ್ಲಿ ಅವರು ಬೇರೆ ದೇಶ ಕೇಳುತ್ತಿರಲಿಲ್ಲ. ನಾವೂ ಬ್ರಿಟಿಷರೇ, ಬ್ರಿಟಿಷರ ಹಕ್ಕು ನಮಗೂ ಕೊಡಿ ಅನ್ನುತ್ತಿದ್ದರು. ಅದನ್ನು ಹೇಳಲು ಹಾರ್ಟ್ ಆಫ್ ಓಕ್‌ಗಿಂತ ಸರಿಯಾದ ಧಾಟಿ ಇರಲಿಲ್ಲ. ಎಂಟು ವರ್ಷದ ನಂತರ ಸ್ವಾತಂತ್ರ್ಯ ಘೋಷಣೆಗೆ ಮತ ಹಾಕುವ ದಿನ ಇದೇ ಡಿಕಿನ್ಸನ್ ಮತ ಹಾಕದೆ ಹೊರಗುಳಿದರು. ಹಾಡಿನ ಧಾಟಿಯನ್ನು ಗಮನಿಸಿ ಕೇಳಿದ್ದವರಿಗೆ ಅದು ಅಷ್ಟೇನೂ ಆಶ್ಚರ್ಯ ಆಗಿರಲಾರದು.

ಸೆಪ್ಟೆಂಬರ್‌ನಲ್ಲಿ ದೊರೆಯ ಕಡೆಯವರಿಂದ ಅಣಕು ಹಾಡು ಬಂತು. ಅದೇ ಧಾಟಿ, ಅದೇ ಪಲ್ಲವಿಯ ಕಟ್ಟು, ಒಳಗೆ ಬೈಗುಳ. ಕುಂಬಳಕಾಯಿಗಳೇ, ನಿಮ್ಮ ದಡ್ಡ ತಲೆ ಅಲ್ಲಾಡಿಸಿ ಅರಚಿ ಅಂತ ಶುರುವಾಗುತ್ತದೆ. ಇದಕ್ಕೆ ಉತ್ತರವಾಗಿ ಮತ್ತೊಂದು ಹಾಡು ಬಂತು, ಅದೂ ಅದೇ ಧಾಟಿಗೆ. ಕೆಲವೇ ತಿಂಗಳಲ್ಲಿ ಒಂದೇ ಧಾಟಿಯ ಮೇಲೆ ಒಂದು ಊರೇ ಜಗಳವಾಡಿತು. ಕೇಳುವವನ ತಲೆಯಲ್ಲಿ ಹಿಂದಿನ ಹಾಡಿನ ಮಾತುಗಳು ಇನ್ನೂ ಗುಂಯ್‌ಗುಡುತ್ತಿರುವಾಗಲೇ ಹೊಸ ಮಾತು ಬಂದು ಅದರ ಮೇಲೆ ಕೂರುತ್ತದೆ. ಅಣಕು ಚುಚ್ಚುವುದು ಅದಕ್ಕೇ. ನೊಟೇಶನ್ ಹಾಕಿ ಹೊಸ ರಾಗ ಕಟ್ಟಿದ್ದರೆ ಈ ಏಟು ಬೀಳುತ್ತಿರಲಿಲ್ಲ.

ಇದನ್ನು ಹಾಡಿದ ಒಂದು ದಿನದ ವರ್ಣನೆ ನಮಗೆ ಸಿಕ್ಕಿದೆ. 1769ರ ಆಗಸ್ಟ್ 14ರಂದು ಡಾರ್ಚೆಸ್ಟರ್‌ನಲ್ಲಿ 350 ಜನರ ಊಟ. ಬಯಲಲ್ಲಿ ಹಡಗಿನ ಪಟದ ಬಟ್ಟೆಯ ಚಪ್ಪರ ಕಟ್ಟಿ, ಅದರಡಿ ಮೇಜು ಹಾಕಿದ್ದರು. ಮಳೆ ಬೇರೆ ಬಂತು. ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದವರು, ಅಲ್ಲಿದ್ದರು. ಅಂದು ಡಿಕಿನ್ಸನ್ನರ ಹಾಡು ಆಯಿತು, ಬಾಸ್ಟನ್ನಿನ ಚರ್ಚ್ ಎಂಬ ಹೆಸರಿನ ಡಾಕ್ಟರ್ ಬರೆದದ್ದೂ ಆಯಿತು, ಪಲ್ಲವಿಗೆ ಇಡೀ ಸಭೆ ದನಿಗೂಡಿಸಿತು ಅಂತ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ. ಹೀಗೆ ಮಾಡಿದರೆ ಜನರ ಮನಸ್ಸಿಗೆ ಸ್ವಾತಂತ್ರ್ಯದ ಬಣ್ಣ ಹತ್ತುತ್ತದೆ ಎಂಬ ಅರ್ಥದ ಮಾತೂ ಅಲ್ಲಿದೆ. ಒದ್ದೆ ಪಟದ ಕೆಳಗೆ 350 ಗಂಡಸರು ಒಟ್ಟಿಗೆ ಪಲ್ಲವಿ ಎತ್ತಿಕೊಂಡ ಸದ್ದು ಹೇಗಿದ್ದಿರಬೇಕು! ಅಲ್ಲಿ ಯಾರಿಗೂ ನೊಟೇಶನ್ ಬೇಕಾಗಿರಲಿಲ್ಲ.

ಯಾಂಕಿ ಡೂಡಲ್ ಬಗ್ಗೆ ಟೀಚರ್ ಖಂಡಿತ ಕೇಳುತ್ತಾರೆ. ಚಿಕ್ಕದಾಗಿ ಹೇಳುತ್ತೇನೆ. ಬ್ರಿಟಿಷ್ ಸೈನಿಕರು ವಸಾಹತಿನ ಹಳ್ಳಿಗರನ್ನು ಗೇಲಿ ಮಾಡಲು ಹಾಡುತ್ತಿದ್ದ ಹಾಡದು. ಟೋಪಿಗೆ ಗರಿ ಸಿಕ್ಕಿಸಿ ಮ್ಯಾಕರೋನಿ ಅಂದ ಎಂಬ ಸಾಲಿನಲ್ಲಿರುವುದು ತಿನ್ನುವ ಮ್ಯಾಕರೋನಿ ಅಲ್ಲ. ಆಗ ಲಂಡನ್ನಿನಲ್ಲಿ ಅತಿಯಾದ ಶೋಕಿ ಮಾಡುವ ಹುಡುಗರಿಗೆ ಮ್ಯಾಕರೋನಿ ಎನ್ನುತ್ತಿದ್ದರು. ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರಂದು, ಲೆಕ್ಸಿಂಗ್ಟನ್ ಕಡೆಗೆ ಹೊರಟ ಬ್ರಿಟಿಷ್ ತುಕಡಿ ಇದನ್ನೇ ಬಾರಿಸುತ್ತಾ ಹೋಯಿತು. ಸಂಜೆ ಏಟು ತಿಂದು ವಾಪಸ್ ಬಂತು. ಆಮೇಲೆ ಅಮೆರಿಕನ್ನರು ಆ ಹಾಡನ್ನು ತಮ್ಮದೇ ಮಾಡಿಕೊಂಡರು. ಮಾತಿನಲ್ಲಿ ಗೇಲಿ ಉಳಿಯಿತು, ಧಾಟಿಯ ಅರ್ಥ ತಿರುಗಿತು.

ಒಂದು ಎಚ್ಚರಿಕೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಶರಣಾದಾಗ ಅವರ ಬ್ಯಾಂಡು ಲೋಕ ತಲೆಕೆಳಗಾಯಿತು ಎಂಬ ಅರ್ಥದ ಹಾಡು ಬಾರಿಸಿತು ಅಂತ ಬಹಳ ಕಡೆ ಓದುತ್ತೀರಿ. ಆ ಮಾತು ಅಚ್ಚಿಗೆ ಬಂದದ್ದು 1828ರಲ್ಲಿ, ಘಟನೆ ನಡೆದು 47 ವರ್ಷದ ಮೇಲೆ. ಪ್ರಾಜೆಕ್ಟ್‌ನಲ್ಲಿ ಹಾಕುವುದಾದರೆ ಹೀಗೊಂದು ಕಥೆ ಇದೆ ಅಂತಲೇ ಬರೆಯಲಿ.

ವಿಲಿಯಂ ಬಿಲಿಂಗ್ಸ್ ಅವರ ಹೆಸರೂ ಇರಬೇಕು. ಬಾಸ್ಟನ್ನಿನಲ್ಲಿ ಚರ್ಮ ಹದ ಮಾಡುತ್ತಿದ್ದವರು. 1770ರಲ್ಲಿ ನ್ಯೂ ಇಂಗ್ಲೆಂಡ್ ಸಾಮ್ ಸಿಂಗರ್ ಎಂಬ ಪುಸ್ತಕ ತಂದರು. ನೂರಕ್ಕೂ ಹೆಚ್ಚು ಧಾಟಿಗಳು, ಎಲ್ಲವೂ ಅವರವೇ. ಇಲ್ಲಿ ನೊಟೇಶನ್ ಇದೆ, ಯಾಕೆಂದರೆ ಧಾಟಿಯೇ ಹೊಸದು. ಮೇಜಿನ ಸುತ್ತ ಕೂತು ಹಾಡುವವರ ಚಿತ್ರವನ್ನು ಅದಕ್ಕೆ ಕೊರೆದವರು ಪಾಲ್ ರೆವೀರ್. ಈ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ಕಾಗದ. ಆಗ ಬ್ರಿಟಿಷ್ ಸಾಮಾನು ಕೊಳ್ಳಬಾರದೆಂಬ ಚಳವಳಿ ನಡೆಯುತ್ತಿತ್ತು. ಅಮೆರಿಕದಲ್ಲೇ ತಯಾರಾದ ಕಾಗದದ ಮೇಲೆ ಅಚ್ಚು ಹಾಕಬೇಕು ಅಂತ ಹದಿನೆಂಟು ತಿಂಗಳು ಕಾದೆ, ನಷ್ಟವೂ ಆಯಿತು, ತಡವಾದದ್ದಕ್ಕೆ ಕ್ಷಮಿಸಿ ಅಂತ ಬಿಲಿಂಗ್ಸ್ ಹೇಳಿಕೊಂಡಿದ್ದಾರೆ. ಹಾಡು ಮಾತ್ರವಲ್ಲ, ಹಾಳೆಯೂ ಒಂದು ಪಕ್ಷ ವಹಿಸಿತ್ತು. ಚೆಸ್ಟರ್ ಎಂಬ ಅವರ ಹಾಡಿಗೆ 1778ರಲ್ಲಿ ಹೊಸ ನುಡಿಗಳನ್ನು ಸೇರಿಸಿ ಬ್ರಿಟಿಷ್ ಸೇನಾಪತಿಗಳ ಹೆಸರು ಹಿಡಿದೇ ಬರೆದರು. ಇಷ್ಟು ಮಾಡಿದವರು 1800ರಲ್ಲಿ ಬಡತನದಲ್ಲಿ ತೀರಿಕೊಂಡರು.

ಯಾರು ಕೊಳ್ಳುತ್ತಿದ್ದರು ಅಂತ ಕೇಳಿದಿರಿ. ಅದಕ್ಕೆ ಸಾಂಗ್‌ಸ್ಟರ್‌ಗಿಂತ ಅಗ್ಗದ ಸರಕನ್ನು ನೋಡಬೇಕು. ಬ್ರಾಡ್‌ಸೈಡ್ ಅಂದರೆ ಒಂದೇ ಹಾಳೆ, ಒಂದೇ ಬದಿಗೆ ಅಚ್ಚು. ಮೇಲೆ ಒಂದು ಮರದಚ್ಚಿನ ಚಿತ್ರ, ಕೆಳಗೆ ಎರಡು ಕಾಲಂನಲ್ಲಿ ಹಾಡು. ಬೀದಿಯಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದರು. ನಾವಿಕರು, ಕೂಲಿಯವರು, ಅಂಗಡಿ ಹುಡುಗರು, ಮನೆಗೆಲಸದ ಹೆಂಗಸರು ಕೊಳ್ಳಬಹುದಾದ ಸಾಹಿತ್ಯ ಅದು. ಹಡಗು ಮುಳುಗಿದ್ದು, ಕೊಲೆಗಾರನನ್ನು ಗಲ್ಲಿಗೆ ಹಾಕಿದ್ದು, ಪ್ರೀತಿಸಿದವನು ಕೈಕೊಟ್ಟದ್ದು, ಎಲ್ಲವೂ ಹಾಡಾಗುತ್ತಿತ್ತು. ಗೋಡೆಗೆ ಅಂಟಿಸಿ, ಮಡಚಿ ಜೇಬಿಗಿಟ್ಟು, ಹರಿಯುವವರೆಗೆ ಹಾಡಿ ಎಸೆಯುತ್ತಿದ್ದರು.

ಬೆಂಜಮಿನ್ ಫ್ರಾಂಕ್ಲಿನ್ ಅವರ ಬರವಣಿಗೆ ಶುರುವಾದದ್ದೂ ಇಲ್ಲೇ. 1718ರ ನವೆಂಬರ್‌ನಲ್ಲಿ ಬಾಸ್ಟನ್ ಲೈಟ್‌ಹೌಸ್‌ನ ಮೊದಲ ಕಾವಲುಗಾರ ವರ್ದಿಲೇಕ್ ಮನೆಯವರ ಸಮೇತ ನೀರಿನಲ್ಲಿ ಮುಳುಗಿ ಸತ್ತರು. ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದ ಹನ್ನೆರಡು ಹದಿಮೂರರ ಹುಡುಗ ಅದರ ಮೇಲೆ ಹಾಡು ಕಟ್ಟಿದ. ಕಡಲುಗಳ್ಳ ಬ್ಲ್ಯಾಕ್‌ಬಿಯರ್ಡ್ ಹತನಾದದ್ದರ ಮೇಲೆ ಇನ್ನೊಂದು. ಅಣ್ಣ ಅಚ್ಚು ಹಾಕಿ, ಊರಲ್ಲಿ ಮಾರಲು ಅವನನ್ನೇ ಕಳಿಸಿದ. ಲೈಟ್‌ಹೌಸ್ ಹಾಡು ಬಿಸಿಬಿಸಿಯಾಗಿ ಖರ್ಚಾಯಿತು. ಅಪ್ಪ ಮಾತ್ರ ಪದ್ಯ ಕಟ್ಟುವವರೆಲ್ಲ ಭಿಕ್ಷುಕರಾಗುತ್ತಾರೆ ಅಂತ ಗದರಿಸಿ ನಿಲ್ಲಿಸಿದರು. ಈ ಕಥೆ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲೇ ಹೇಳಿದ್ದು.

ಇಂಥ ಹಾಳೆಗಳು ಉಳಿಯುವುದು ಅಪರೂಪ. ಆದರೂ ಒಂದು ದೊಡ್ಡ ಗಂಟು ಉಳಿದಿದೆ. ಅದಕ್ಕೆ ಕಾರಣ ಮೇಲೆ ಹೇಳಿದ ಐಸಾಯ ಥಾಮಸ್. ಇವರನ್ನು ಆರನೇ ವಯಸ್ಸಿಗೆ ಬಾಸ್ಟನ್ನಿನ ಜೆಕರಾಯ ಫೌಲ್ ಎಂಬ ಅಚ್ಚಿನವನ ಹತ್ತಿರ ಕೆಲಸಕ್ಕೆ ಬಿಟ್ಟರು. ಫೌಲ್ ಬೀದಿ ಹಾಡುಗಳನ್ನು ಅಚ್ಚು ಹಾಕುತ್ತಿದ್ದವನು. ಹುಡುಗನಿಗೆ ಕೊಟ್ಟ ಮೊದಲ ಕೆಲಸವೇ ಒಂದು ಹಾಡಿಗೆ ಮೊಳೆ ಜೋಡಿಸುವುದು. ಮೊಳೆಯ ಪೆಟ್ಟಿಗೆ ಕೈಗೆ ಎಟುಕದು, ಅದಕ್ಕೆ ಹದಿನೆಂಟು ಇಂಚು ಎತ್ತರದ ಬೆಂಚಿನ ಮೇಲೆ ನಿಲ್ಲಿಸಿದರು. ಓದಲು ಇನ್ನೂ ಬರುತ್ತಿರಲಿಲ್ಲ, ಬಿಡಿ ಅಕ್ಷರಗಳ ಗುರುತು ಮಾತ್ರ ಇತ್ತು. ಹಸ್ತಪ್ರತಿಯಲ್ಲಿ ಒಂದು ಅಕ್ಷರ ನೋಡುವುದು, ಪೆಟ್ಟಿಗೆಯಿಂದ ಅಂಥದ್ದೇ ಮೊಳೆ ತೆಗೆಯುವುದು, ಸಾಲಿಗೆ ಇಡುವುದು. ಏನು ಜೋಡಿಸುತ್ತಿದ್ದೇನೆ ಅಂತ ಗೊತ್ತಿಲ್ಲದೆಯೇ ಎರಡು ದಿನದಲ್ಲಿ ಹಾಡು ಮುಗಿಸಿದ.

ಆ ಹುಡುಗ ಬೆಳೆದು ಪತ್ರಿಕೆ ನಡೆಸಿದ. 1775ರ ಏಪ್ರಿಲ್‌ನಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿ ರಾತ್ರೋರಾತ್ರಿ ತನ್ನ ಪ್ರೆಸ್ಸನ್ನು ಬಾಸ್ಟನ್ನಿನಿಂದ ವೂಸ್ಟರ್‌ಗೆ ಸಾಗಿಸಿದ. ದೇಶದ ದೊಡ್ಡ ಪ್ರಕಾಶಕರಲ್ಲಿ ಒಬ್ಬನಾಗಿ, 1812ರಲ್ಲಿ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಸ್ಥಾಪಿಸಿದ. ಮರುವರ್ಷ, ಅರವತ್ತು ದಾಟಿದ ಮೇಲೆ, ಬಾಸ್ಟನ್ನಿನ ಮಿಲ್ಕ್ ಸ್ಟ್ರೀಟಿನಲ್ಲಿ ಹಾಡಿನ ಹಾಳೆ ಮಾರುತ್ತಿದ್ದ ನಥಾನಿಯಲ್ ಕವರ್ಲಿ ಎಂಬವನ ಅಂಗಡಿಯಿಂದ 300ಕ್ಕೂ ಹೆಚ್ಚು ಹಾಡುಗಳನ್ನು ಕೊಂಡರು. ಮೂರು ಸಂಪುಟವಾಗಿ ಕಟ್ಟಿಸಿದರು. ಈ ಕಾಲದಲ್ಲಿ ಸಾಮಾನ್ಯ ಜನರಲ್ಲಿ ಇಂಥ ಯಾವ ಸರಕು ಚಾಲ್ತಿಯಲ್ಲಿದೆ ಎಂದು ತೋರಿಸಲು ಕಾಪಾಡಿ ಇಟ್ಟಿದ್ದೇನೆ ಅಂತ ಬರೆದು 1814ರಲ್ಲಿ ಸೊಸೈಟಿಗೆ ಕೊಟ್ಟರು. ಸಾಮಾನ್ಯ ಜನ ಎನ್ನಲು ಅವರು ಬಳಸಿದ ಪದದಲ್ಲಿ ಸ್ವಲ್ಪ ತಾತ್ಸಾರ ಇದೆ. ಆದರೆ ದುಡ್ಡು ಕೊಟ್ಟು ಕೊಂಡು, ಬೈಂಡ್ ಮಾಡಿಸಿ ಉಳಿಸಿದವರೂ ಅವರೇ. ಬೆಂಚಿನ ಮೇಲೆ ನಿಂತಿದ್ದ ಆ ಎರಡು ದಿನ ಅವರಿಗೆ ಮರೆತಿರಲಿಲ್ಲ, ಯಾಕೆಂದರೆ ಅದನ್ನು ಅವರೇ ಬರೆದಿಟ್ಟಿದ್ದಾರೆ.

ರಾಷ್ಟ್ರಗೀತೆಯ ವಿಷಯ. ಮಗಳು ಓದಿದ್ದು ಅರ್ಧ ನಿಜ. ಧಾಟಿ ಲಂಡನ್ನಿನ ಅನಾಕ್ರಿಯಾಂಟಿಕ್ ಸೊಸೈಟಿಯದು. ಜಾನ್ ಸ್ಟಾಫರ್ಡ್ ಸ್ಮಿತ್ 1770ರ ದಶಕದಲ್ಲಿ ಕಟ್ಟಿದ್ದು. ಪ್ರೀತಿ ಮತ್ತು ದ್ರಾಕ್ಷಾರಸ ಎರಡನ್ನೂ ಹೊಗಳುವ ಹಾಡು, ಸರಿ. ಆದರೆ ಅದು ಸಂಗೀತಪ್ರಿಯರ ಕ್ಲಬ್. ಮೊದಲು ಕಛೇರಿ, ಆಮೇಲೆ ಊಟ, ಆಮೇಲೆ ಈ ಹಾಡು. ನುಡಿಗಳನ್ನು ಚೆನ್ನಾಗಿ ಹಾಡಬಲ್ಲ ಒಬ್ಬರು ಹೇಳುತ್ತಿದ್ದರು, ಕೊನೆಗೆ ಎಲ್ಲರೂ ಸೇರುತ್ತಿದ್ದರು. ಧಾಟಿ ಒಂದೂವರೆ ಸ್ಥಾಯಿ ಹತ್ತಿ ಇಳಿಯುತ್ತದೆ. ಇಂದಿಗೂ ಸ್ಟೇಡಿಯಂಗಳಲ್ಲಿ ಒಳ್ಳೆಯ ಗಾಯಕರೇ ಒದ್ದಾಡುವುದು ಅದಕ್ಕೆ. ಕುಡಿದವರಿಗೆ ಎಟುಕುವ ಧಾಟಿ ಅಲ್ಲ.

ಇನ್ನೂ ಮುಖ್ಯವಾದದ್ದು, 1814ರ ಹೊತ್ತಿಗೆ ಅಮೆರಿಕದಲ್ಲಿ ಆ ಧಾಟಿಗೆ ಹತ್ತಾರು ಹೊಸ ಹಾಡುಗಳು ಬಂದಿದ್ದವು. 1798ರ ಆಡಮ್ಸ್ ಆ್ಯಂಡ್ ಲಿಬರ್ಟಿ ಮನೆಮಾತಾಗಿತ್ತು. ರಾಷ್ಟ್ರಗೀತೆಯ ಪದ ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ತಾವೇ 1805ರಲ್ಲಿ ತ್ರಿಪೋಲಿ ಯುದ್ಧದಿಂದ ಮರಳಿದ ನೌಕಾಪಡೆಯವರ ಗೌರವಕ್ಕೆ ಇದೇ ಧಾಟಿಗೆ ಒಂದು ಹಾಡು ಬರೆದಿದ್ದರು. ಹಾಗಾಗಿ ಕೇಳುವವರ ಕಿವಿಗೆ ಅದು ಆಗಲೇ ದೇಶಭಕ್ತಿಯ ಧಾಟಿ. 1814ರ ಸೆಪ್ಟೆಂಬರ್ 13 ಮತ್ತು 14ರಂದು ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಮೇಲೆ 25 ಗಂಟೆ ಬ್ರಿಟಿಷರ ಬಾಂಬು ಬಿತ್ತು. ಬೆಳಿಗ್ಗೆಯೂ ಬಾವುಟ ಹಾರುತ್ತಿದ್ದದ್ದನ್ನು ಕೀ ಹಡಗಿನಿಂದ ಕಂಡರು. ಅದರ ಮೇಲೆ ಅವರು ಬರೆದ ಹಾಡು ಮೊದಲು ಹೊರಬಂದದ್ದು ಬಿಡಿ ಹಾಳೆಯಲ್ಲಿ. ನೊಟೇಶನ್ ಇಲ್ಲ, ಕೀ ಹೆಸರೂ ಇಲ್ಲ. ಧಾಟಿಯ ಹೆಸರು ಮಾತ್ರ ಇತ್ತು. ಅದೇ ಸಾಕಾಗಿತ್ತು. ಸ್ವಲ್ಪ ದಿನದಲ್ಲೇ ಬಾಲ್ಟಿಮೋರ್‌ನ ಕಾರ್ ಅವರ ಅಂಗಡಿಯಿಂದ ಸ್ವರ ಸಹಿತ ಪ್ರತಿ ಬಂತು. ಎಷ್ಟು ಅವಸರವಿತ್ತೋ ಏನೋ, ಪೇಟ್ರಿಯಾಟಿಕ್ ಸಾಂಗ್ ಅನ್ನುವಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಪೇರಿಯಾಟಿಕ್ ಆಗಿದೆ. ರಾಷ್ಟ್ರಗೀತೆ ಅಂತ ಕಾನೂನು ಬಂದದ್ದು 1931ರಲ್ಲಿ.

ಈ ಪುಸ್ತಕಗಳಲ್ಲಿ ಇಲ್ಲದ್ದನ್ನೂ ಮಗಳು ಒಂದು ಪುಟ ಬರೆದರೆ ನನಗೆ ಖುಷಿ. ಗುಲಾಮರಾಗಿದ್ದ ಕಪ್ಪು ಜನ ಹೊಲದಲ್ಲಿ, ದೋಣಿಯಲ್ಲಿ, ಪ್ರಾರ್ಥನೆಯಲ್ಲಿ ಹಾಡುತ್ತಲೇ ಇದ್ದರು. ಅವರ ಹಾಡುಗಳ ಸಂಗ್ರಹ ಪುಸ್ತಕವಾಗಿ ಬಂದದ್ದು 1867ರಲ್ಲಿ, ಅಂತರ್ಯುದ್ಧ ಮುಗಿದ ಮೇಲೆ. ಅದಕ್ಕೂ ಮೊದಲು, 1801ರಲ್ಲಿ, ಫಿಲಡೆಲ್ಫಿಯದ ರಿಚರ್ಡ್ ಆ್ಯಲನ್ ತಮ್ಮ ಬೆತೆಲ್ ಚರ್ಚಿನ ಕಪ್ಪು ಸಭೆಗಾಗಿ 54 ಹಾಡುಗಳ ಪುಸ್ತಕ ತಂದರು. ಅವರು ಗುಲಾಮರಾಗಿ ಹುಟ್ಟಿ, ದುಡಿದು ದುಡ್ಡು ಕೊಟ್ಟು ಬಿಡುಗಡೆ ಪಡೆದವರು. ಅವರ ಪುಸ್ತಕದಲ್ಲೂ ನೊಟೇಶನ್ ಇಲ್ಲ. ಆ ಸಭೆ ಯಾವ ಧಾಟಿಯಲ್ಲಿ, ಎಷ್ಟು ತೂಗಿ ಹಾಡಿತು ಎಂಬುದು ಹಾಡಿದವರ ಜೊತೆಗೇ ಹೋಯಿತು. ಮೊಹೀಗನ್ ಬುಡಕಟ್ಟಿನ ಪಾದ್ರಿ ಸ್ಯಾಮ್ಸನ್ ಆಕಮ್ 1774ರಲ್ಲೇ ಒಂದು ಭಕ್ತಿಗೀತೆಗಳ ಸಂಗ್ರಹ ತಂದಿದ್ದರು. ಈ ಎರಡು ಹೆಸರುಗಳನ್ನು ಶಾಲೆಯ ಪಾಠಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಹೇಳಬೇಕು.

ಸ್ವರ ಓದಲು ಬಾರದವರಿಗೆ ಓದಿಸುವ ಒಂದು ಜಾಣ ಉಪಾಯವೂ 1801ರಲ್ಲೇ ಅಚ್ಚಿಗೆ ಬಂತು. ಈಸಿ ಇನ್‌ಸ್ಟ್ರಕ್ಟರ್ ಎಂಬ ಪುಸ್ತಕದಲ್ಲಿ ಸ್ವರಗಳಿಗೆ ಆಕಾರ ಕೊಟ್ಟರು. ಫಾ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರದಾಕಾರ. ಗೆರೆಯ ಲೆಕ್ಕ ಗೊತ್ತಿಲ್ಲದಿದ್ದರೂ ಆಕಾರ ನೋಡಿ ಹಾಡಬಹುದು. 1844ರ ಸೇಕ್ರೆಡ್ ಹಾರ್ಪ್ ಎಂಬ ಪುಸ್ತಕದಿಂದ ಈ ರೀತಿ ಹಾಡುವ ಕೂಟಗಳು ಈಗಲೂ ಅಮೆರಿಕದ ಎಷ್ಟೋ ಊರುಗಳಲ್ಲಿ ನಡೆಯುತ್ತವೆ. ಹೊಸಬರನ್ನು ಸಂತೋಷದಿಂದ ಕೂರಿಸಿಕೊಳ್ಳುತ್ತಾರೆ. ಚೌಕವಾಗಿ, ನಾಲ್ಕೂ ಕಡೆಯಿಂದ ಒಳಮುಖವಾಗಿ ಕೂತು, ಮೊದಲು ಫಾ ಸೋಲ್ ಲಾ ಅಂತ ಸ್ವರ ಹಾಡಿ, ಆಮೇಲೆ ಪದ ಹಾಡುತ್ತಾರೆ. ಹತ್ತಿರದಲ್ಲಿ ಇದ್ದರೆ ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಪ್ರಾಜೆಕ್ಟ್‌ಗೆ ನನ್ನ ಸಲಹೆ ಇಷ್ಟು. ಹಾಡುಗಳನ್ನು ಸುಮ್ನೆ ಚಾರ್ಟಿನಲ್ಲಿ ಬರೆಯುವುದು ಬೇಡ. ಹಾರ್ಟ್ ಆಫ್ ಓಕ್‌ನ ರೆಕಾರ್ಡಿಂಗ್ ಸುಲಭವಾಗಿ ಸಿಗುತ್ತದೆ. ಮನೆಯವರೆಲ್ಲ ಎರಡು ದಿನ ಅದನ್ನೇ ಕೇಳಿ, ಬಾಯಿಗೆ ಬರುವವರೆಗೆ. ಆಮೇಲೆ ಲಿಬರ್ಟಿ ಸಾಂಗ್‌ನ ಪದಗಳನ್ನು ಪ್ರಿಂಟ್ ತೆಗೆದು, ನುಡಿಯನ್ನು ಮಗಳು ಹೇಳಲಿ, ಪಲ್ಲವಿಗೆ ನೀವೆಲ್ಲ ಸೇರಿ. ಅದಾದ ಮೇಲೆ ಕುಂಬಳಕಾಯಿ ಅಣಕು ಹಾಡನ್ನು ಅದೇ ಧಾಟಿಗೆ ಹಾಡಿ. ಕ್ಲಾಸಿನಲ್ಲಿ ಎರಡು ಗುಂಪು ಮಾಡಿ ಹಾಡಿಸಿದರೆ ಇನ್ನೂ ಚೆನ್ನ.

ಐಸಾಯ ಥಾಮಸ್ ಉಳಿಸಿದ ಆ 300 ಹಾಳೆಗಳ ಚಿತ್ರಗಳನ್ನು ಆಂಟಿಕ್ವೇರಿಯನ್ ಸೊಸೈಟಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ವೂಸ್ಟರ್‌ನಲ್ಲಿರುವ ಅದರ ಕಟ್ಟಡದಲ್ಲಿ ಥಾಮಸ್ ಬಳಸಿದ ಮರದ ಪ್ರೆಸ್ಸೂ ಇದೆ. ಹಾಳೆಗಳನ್ನು ತೆರೆದು ಕೂತಾಗ ಮಗಳಿಗೆ ಎರಡು ಹುಡುಕಾಟ ಕೊಡಿ. ಒಂದು, ಹೆಸರಿನ ಕೆಳಗಿನ ಧಾಟಿಯ ಸಾಲು. ಇನ್ನೊಂದು, ಮೇಲಿನ ಹಡಗಿನ ಚಿತ್ರ. ಅಚ್ಚಿನವರು ಒಂದೇ ಮರದಚ್ಚನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಒಂದು ಹಾಳೆಯಲ್ಲಿ ಗೆದ್ದು ಬರುವ ಹಡಗು ಇನ್ನೊಂದರಲ್ಲಿ ಮುಳುಗುವ ಹಡಗಾಗಿರಬಹುದು. ಸಿಕ್ಕರೆ ನನಗೂ ಬರೆದು ತಿಳಿಸಲಿ.